ಡೀಸೆಲ್ ಕಾರು ಮುಷ್ಕರ ಹೂಡಿದಾಗ

ನಾಡಿ ನೋಡದೆಯೇ ಔಷಧ ಕೊಡುವ ವೈದ್ಯನನ್ನು ಯಾರೂ ಎರಡನೆಯ ಸಲ ಮನೆಗೆ ಕರೆಯುವುದಿಲ್ಲ. ಆದರೆ ನಿಂತುಹೋದ ಕಾರಿನ ವಿಷಯದಲ್ಲಿ ನಾವು ಅಷ್ಟು ಎಚ್ಚರ ವಹಿಸುವುದು ಅಪರೂಪ. “ಪಂಪು ಹೋಗಿದೆ” ಎನ್ನುತ್ತಾರೆ ಒಬ್ಬರು. “ಇಂಜೆಕ್ಟರು ಬದಲಾಯಿಸಬೇಕು” ಎನ್ನುತ್ತಾರೆ ಮತ್ತೊಬ್ಬರು. ಸಾವಿರಾರು ರೂಪಾಯಿ ಕೈಬಿಟ್ಟ ಮೇಲೆ, ದೋಷವಿದ್ದುದು ಬಿರುಕು ಬಿಟ್ಟ ಒಂದು ರಬ್ಬರು ಕೊಳವೆಯಲ್ಲಿ ಅಥವಾ ಸಡಿಲಗೊಂಡ ಒಂದು ತಂತಿಯಲ್ಲಿ ಎಂದು ತಿಳಿದುಬರುವುದುಂಟು. ಸಂಸಾರಸ್ಥನಿಗೆ ಇದು ಸಣ್ಣ ಪೆಟ್ಟಲ್ಲ. ಕಾರನ್ನು ಬಿಚ್ಚಿ ಜೋಡಿಸುವ ವಿದ್ಯೆ ಎಲ್ಲರಿಗೂ ಬೇಕಿಲ್ಲ. ಆದರೆ ಬೇನೆ ಇಂಧನದ್ದೋ ವಿದ್ಯುತ್ತಿನದೋ ಎಂದು ಗುರುತಿಸುವಷ್ಟು ತಿಳಿವಳಿಕೆ ಕಾರಿನ ಯಜಮಾನನಿಗೂ ಯಜಮಾನಿಗೂ ಇದ್ದರೆ, ಹಣವೂ ಉಳಿದೀತು. ಘಟ್ಟದ ದಾರಿಯಲ್ಲಿ ಮಕ್ಕಳೊಡನೆ ರಾತ್ರಿ ಕಳೆಯುವ ಪ್ರಸಂಗವೂ ತಪ್ಪೀತು.

ಕಿಡಿಯಿಲ್ಲದ ಬೆಂಕಿ

ಪೆಟ್ರೋಲ್ ಎಂಜಿನಿನಲ್ಲಿ ಇಂಧನವನ್ನು ಹೊತ್ತಿಸುವುದು ವಿದ್ಯುತ್ತಿನ ಕಿಡಿ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನಿಗೆ ಕಿಡಿಯ ಹಂಗೇ ಇರಲಿಲ್ಲ. ಇಂದಿನ ಡೀಸೆಲ್ ಕಾರಿನಲ್ಲಿ ಗಾಳಿಯನ್ನು ಅದರ ಮೂಲ ಗಾತ್ರದ ಹದಿನಾರರಲ್ಲಿ ಅಥವಾ ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಅದುಮಿದರೆ ಅದು 500 ಡಿಗ್ರಿ ಸೆಂಟಿಗ್ರೇಡನ್ನೂ ಮೀರಿ ಕಾಯುತ್ತದೆ. ಆ ಬಿಸಿಗಾಳಿಗೆ ಡೀಸೆಲನ್ನು ಮಂಜಿನಂತೆ ಎರಚಿದೊಡನೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಹೀಗೆ ಎರಚುವ ಪಂಪನ್ನು ಬಾಷ್ ಕಂಪೆನಿ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. 1936ರಲ್ಲಿ ಮರ್ಸಿಡಿಸ್ 260 ಡಿ ಎಂಬ ಡೀಸೆಲ್ ಕಾರು ಜನರೆದುರು ಬಂದಿತು. 1951ರಲ್ಲಿ ಸ್ಥಾಪನೆಗೊಂಡು ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆನಿಂತ ಮೈಕೋ ಕಾರ್ಖಾನೆಯೂ ಇಂಥ ಪಂಪುಗಳಿಂದಲೇ ದೇಶದಾದ್ಯಂತ ಹೆಸರಾಯಿತು.

ಆ ಹಳೆಯ ಮಾದರಿಯ ಎಂಜಿನಿನಲ್ಲಿ ವಿದ್ಯುತ್ತಿಗೆ ಕೆಲಸ ಕಡಿಮೆ: ಎಂಜಿನನ್ನು ತಿರುಗಿಸುವುದು, ಹೀಟರ್ ಪ್ಲಗ್ಗನ್ನು ಕಾಯಿಸುವುದು ಮತ್ತು ಅನೇಕ ಕಾರುಗಳಲ್ಲಿ ಪಂಪಿಗೆ ಇಂಧನ ಬಿಡುವ ಸ್ಟಾಪ್ ಸೊಲೆನಾಯ್ಡನ್ನು ತೆರೆದಿಡುವುದು. 1997ರಲ್ಲಿ ಕಾಮನ್ ರೈಲ್ ವಿಧಾನದ ಕಾರು ಮಾರುಕಟ್ಟೆಗೆ ಬಂದ ಮೇಲೆ ಈ ಚಿತ್ರ ಬದಲಾಯಿತು. ಈಗ ಒಂದೊಂದು ಇಂಜೆಕ್ಟರನ್ನೂ ತೆರೆದು ಮುಚ್ಚುವುದು ಕಾರಿನೊಳಗಿನ ಗಣಕಯಂತ್ರ. ಆದುದರಿಂದಲೇ ಇಂದು ತಂತಿಯ ದೋಷವೂ ಇಂಧನದ ದೋಷದ ವೇಷ ಧರಿಸಿ ನಮ್ಮನ್ನು ಮೋಸಗೊಳಿಸಬಲ್ಲದು.

ಕಣ್ಣು, ಕಿವಿಗಳ ಪರೀಕ್ಷೆ

ಮೊದಲು ಕಿವಿಗೊಡಿ. ಕೀಲಿ ತಿರುಗಿಸಿದಾಗ ಎಂಜಿನು ನರಳುತ್ತ ನಿಧಾನವಾಗಿ ತಿರುಗಿದರೆ ಪಂಪನ್ನು ದೂರಬೇಡಿ. ನಿಧಾನವಾಗಿ ಅದುಮಿದ ಗಾಳಿ ಸಾಕಷ್ಟು ಕಾಯುವುದಿಲ್ಲ. ವಿಶ್ರಾಂತಿಯಲ್ಲಿರುವ ಒಳ್ಳೆಯ ಬ್ಯಾಟರಿ 12.6 ವೋಲ್ಟ್‌ನಷ್ಟು ತೋರಿಸುತ್ತದೆ. ಎಂಜಿನನ್ನು ತಿರುಗಿಸುವಾಗ ಅದು 10ಕ್ಕಿಂತ ಬಹಳ ಕೆಳಗಿಳಿದರೆ ಬ್ಯಾಟರಿ, ಅದರ ತಲೆಗಳು ಮತ್ತು ಅರ್ತ್ ತಂತಿಯನ್ನೇ ಮೊದಲು ನೋಡಬೇಕು.

ಎಂಜಿನು ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ, ಮನೆಯವರೊಬ್ಬರು ಹಿಂದೆ ನಿಂತು ಹೊಗೆ ಕೊಳವೆಯನ್ನು ಗಮನಿಸಲಿ. ಡೀಸೆಲ್ ವಾಸನೆಯ ಬಿಳಿಹೊಗೆ ಬಂದರೆ ಇಂಧನ ಒಳಗೆ ತಲುಪುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಚಳಿಯ ಬೆಳಗಾದರೆ ಹೀಟರ್ ಪ್ಲಗ್ಗನ್ನು ಸಂಶಯಿಸಬಹುದು. ಹೊಗೆಯೇ ಇಲ್ಲವಾದರೆ ಇಂಧನ ದಾರಿಯಲ್ಲೆಲ್ಲೋ ನಿಂತಿದೆ, ಇಲ್ಲವೆ ಇಂಜೆಕ್ಟರಿಗೆ ಅಪ್ಪಣೆ ಹೋಗುತ್ತಿಲ್ಲ. ಹೊಸ ಕಾರುಗಳಲ್ಲಿ, ಎಂಜಿನು ತಿರುಗುವಾಗ ಅದರ ವೇಗ ತೋರಿಸುವ ಮುಳ್ಳು ಸ್ವಲ್ಪವೂ ಮಿಸುಕದಿದ್ದರೆ, ಎಂಜಿನು ತಿರುಗುತ್ತಿರುವ ಸುದ್ದಿಯನ್ನು ಗಣಕಯಂತ್ರಕ್ಕೆ ಒಯ್ಯುವ ಸೆನ್ಸರು ಅಥವಾ ಅದರ ತಂತಿ ಕೆಟ್ಟಿರುವ ಸಂಭವ ಉಂಟು.

ಇಂಧನದ ದಾರಿ

ಡೀಸೆಲ್ ಟ್ಯಾಂಕಿನಿಂದ ಕೊಳವೆಗೆ, ಅಲ್ಲಿಂದ ಫಿಲ್ಟರಿಗೆ, ಫಿಲ್ಟರಿನಿಂದ ಪಂಪಿಗೆ, ಪಂಪಿನಿಂದ ಇಂಜೆಕ್ಟರಿಗೆ ಸಾಗುತ್ತದೆ. ಈ ದಾರಿಯ ದೊಡ್ಡ ಶತ್ರು ಗಾಳಿ. ಮೆಕ್ಯಾನಿಕ್ಕರು “ಏರ್ ಹಿಡಿದಿದೆ” ಎನ್ನುವುದು ಇದನ್ನೇ. ಎಂಜಿನಿನ ಪಕ್ಕದ ಪಂಪು ಡೀಸೆಲನ್ನು ಹೀರಿಕೊಳ್ಳುವ ಕಾರುಗಳಲ್ಲಿ ಕೊಳವೆಯ ಸಣ್ಣ ಬಿರುಕಿನಿಂದ ಡೀಸೆಲ್ ಹೊರಗೆ ತೊಟ್ಟಿಕ್ಕದೆಯೂ ಗಾಳಿ ಒಳಗೆ ನುಗ್ಗಬಲ್ಲದು. ನೆಲ ಒಣಗಿದೆಯೆಂದು ಸೋರಿಕೆಯಿಲ್ಲವೆನ್ನಲಾಗದು. ರಾತ್ರಿಯೆಲ್ಲ ನಿಂತ ಕಾರು ಬೆಳಿಗ್ಗೆ ಹಟ ಮಾಡಿ, ಒಮ್ಮೆ ಹೊರಟ ಮೇಲೆ ದಿನವಿಡೀ ಸರಿಯಾಗಿ ಓಡುವುದು ಇದರ ಒಂದು ಲಕ್ಷಣ. ಫಿಲ್ಟರಿಗೂ ಪಂಪಿಗೂ ನಡುವೆ ಗೇಣುದ್ದದ ಪಾರದರ್ಶಕ ಕೊಳವೆಯನ್ನು ತಾತ್ಕಾಲಿಕವಾಗಿ ಜೋಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ಎರಡನೆಯ ಶತ್ರು ನೀರು. ಅನೇಕ ಫಿಲ್ಟರುಗಳ ತಳದಲ್ಲಿ ನೀರು ಬಸಿಯುವ ತಿರುಪು ಇರುತ್ತದೆ. ಅದರಿಂದ ಗಾಜಿನ ಲೋಟಕ್ಕೆ ಸ್ವಲ್ಪ ಬಸಿದರೆ ನೀರು ಡೀಸೆಲಿನ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಏರು ಹತ್ತುವಾಗ ಶಕ್ತಿಗುಂದಿ, ಟ್ಯಾಂಕಿನ ಮುಚ್ಚಳ ಸಡಿಲಿಸಿದೊಡನೆ ಚೇತರಿಸಿಕೊಳ್ಳುವ ಕಾರಿಗೆ ಬೇಕಾದುದು ಹೊಸ ಪಂಪಲ್ಲ. ಟ್ಯಾಂಕು ಉಸಿರಾಡುವ ರಂಧ್ರದ ಶುದ್ಧಿ.

ವಿದ್ಯುತ್ತಿನ ದಾರಿ

ಇಲ್ಲಿ ಫ್ಯೂಸಿನಿಂದ ಆರಂಭಿಸುವುದು ಲೇಸು. ರಿಲೇಯ ಮೇಲೆ ಸಂಶಯವಿದ್ದರೆ, ಅದೇ ನಮೂನೆಯ ಹಾರನ್ ರಿಲೇಯನ್ನು ಅದರ ಜಾಗದಲ್ಲಿಟ್ಟು ನೋಡಬಹುದು, ಖರ್ಚಿಲ್ಲದ ಪರೀಕ್ಷೆ. ಹಳೆಯ ಪಂಪಾದರೆ ಕೀಲಿ ತಿರುಗಿಸಿದಾಗ ಸೊಲೆನಾಯ್ಡ್ ‘ಟಕ್’ ಎನ್ನಬೇಕು. ಮೌನವಾಗಿದ್ದರೆ ಅದಕ್ಕೆ ಬರುವ ತಂತಿಯನ್ನು ಪರೀಕ್ಷಿಸಬೇಕು. ಇಲಿ ಕಡಿದ ತಂತಿ, ಮಳೆನೀರು ಹೊಕ್ಕು ಹಸುರುಗಟ್ಟಿದ ಕನೆಕ್ಟರು, ಲೋಹದ ಅಂಚಿಗೆ ಉಜ್ಜಿ ಸವೆದ ಹೊದಿಕೆ — ಇವೆಲ್ಲ ಟಾರ್ಚಿನ ಬೆಳಕಿಗೆ ಕಾಣುವಂಥವೇ.

ಕಾಣದ ದೋಷವೂ ಒಂದಿದೆ. ಹತ್ತಾರು ಎಳೆಗಳ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮಲ್ಟಿಮೀಟರು 12 ವೋಲ್ಟ್ ತೋರಿಸಬಹುದು. ಕೆಲಸ ಹೇರಿದಾಗ ಮಾತ್ರ ಅದರ ಬಡತನ ಬಯಲಾಗುತ್ತದೆ. ಆದುದರಿಂದ ತಿಳಿದವರು ಉಪಕರಣ ನಡೆಯುತ್ತಿರುವಾಗಲೇ ತಂತಿಯ ಎರಡು ತುದಿಗಳ ನಡುವೆ ಅಳೆಯುತ್ತಾರೆ. ಎಂಜಿನನ್ನು ತಿರುಗಿಸುವಾಗ ಬ್ಯಾಟರಿಯ ಋಣ ತುದಿಗೂ ಎಂಜಿನಿನ ಮೈಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ಕೆಟ್ಟಿದೆಯೆಂದು ತಿಳಿಯಬೇಕು.

ವರ್ಕ್‌ಷಾಪಿನ ಸ್ಕ್ಯಾನರು ಕೊಡುವ ದೋಷಸಂಖ್ಯೆಯೂ ಅಂತಿಮ ತೀರ್ಪಲ್ಲ. ಅದು ಸಾಮಾನ್ಯವಾಗಿ ದೋಷವಿರುವ ಕೇರಿಯನ್ನು ತೋರಿಸುತ್ತದೆಯೇ ಹೊರತು ಮನೆಯನ್ನಲ್ಲ. ರೈಲಿನ ಒತ್ತಡ ಕಡಿಮೆ ಎಂದು ಅದು ಹೇಳಿದರೆ ಕಾರಣ ಕಟ್ಟಿಕೊಂಡ ಫಿಲ್ಟರು, ಗಾಳಿ, ಪಂಪು, ಸೆನ್ಸರಿನ ತಂತಿ ಅಥವಾ ಬಂದ ಇಂಧನವನ್ನು ಅತಿಯಾಗಿ ಹಿಂದಕ್ಕೆ ಬಿಡುವ ಒಂದೇ ಇಂಜೆಕ್ಟರು ಆಗಿರಬಹುದು. ಪ್ರತಿ ಇಂಜೆಕ್ಟರಿನಿಂದ ಹಿಂದಿರುಗುವ ಡೀಸೆಲನ್ನು ಬೇರೆ ಬೇರೆ ಸೀಸೆಗಳಲ್ಲಿ ಹಿಡಿದು ಹೋಲಿಸಿದರೆ ತಪ್ಪಿತಸ್ಥ ಸಿಕ್ಕಿಬೀಳುತ್ತದೆ.

ಕೈಯಿಡಬಾರದ ಜಾಗ

ಎಚ್ಚರಿಕೆಯ ಒಂದು ಮಾತು. ಕಾಮನ್ ರೈಲ್ ಎಂಜಿನಿನ ಉಕ್ಕಿನ ಕೊಳವೆಗಳಲ್ಲಿ ಡೀಸೆಲಿನ ಒತ್ತಡ ಸಾವಿರ ಬಾರ್‌ಗಿಂತಲೂ ಮೇಲೇರುತ್ತದೆ. ಎಂಜಿನು ಓಡುವಾಗ ಇವುಗಳನ್ನು ಸಡಿಲಿಸುವುದಾಗಲಿ, ಸೋರಿಕೆಯನ್ನು ಬೆರಳಿನಿಂದ ಹುಡುಕುವುದಾಗಲಿ ಸಲ್ಲದು. ಆ ಸೂಕ್ಷ್ಮ ಧಾರೆ ಚರ್ಮವನ್ನು ಭೇದಿಸಿ ಒಳಹೊಕ್ಕರೆ ಗಾಯ ಚಿಕ್ಕದಾಗಿ ಕಂಡರೂ ಕೈಯೇ ಹೋಗಬಹುದು. ಕೂಡಲೆ ಆಸ್ಪತ್ರೆ ಸೇರಬೇಕು. ಅಂತೆಯೇ, ಕೈತಪ್ಪಿ ಪೆಟ್ರೋಲ್ ತುಂಬಿಸಿದರೆ ಕೀಲಿಯನ್ನೇ ತಿರುಗಿಸಬೇಡಿ. ಟ್ಯಾಂಕನ್ನು ಬರಿದು ಮಾಡಿಸಿ.

ಮುಂದಿನ ಸಲ ಕಾರು ಹಟ ಹಿಡಿದಾಗ “ಸ್ಟಾರ್ಟ್ ಆಗುತ್ತಿಲ್ಲ” ಎಂದಷ್ಟೇ ಹೇಳಿ ಕೀಲಿಕೈ ಒಪ್ಪಿಸಬೇಡಿ. ಹೊಗೆಯ ಬಣ್ಣ, ಮುಳ್ಳಿನ ಚಲನೆ, ತೊಂದರೆ ಬೆಳಿಗ್ಗೆಯೋ ಬಿಸಿಯಾದ ಮೇಲೋ — ಇಷ್ಟನ್ನು ಬರೆದು ಕೊಡಿ. ಮೆಕ್ಯಾನಿಕ್ಕರು ದುಬಾರಿಯ ಭಾಗವನ್ನು ಹೆಸರಿಸಿದರೆ, “ಯಾವ ಪರೀಕ್ಷೆಯಿಂದ ಗೊತ್ತಾಯಿತು?” ಎಂದು ವಿನಯದಿಂದಲೇ ಕೇಳಿ. ಬಲ್ಲವರಿಗೆ ಆ ಪ್ರಶ್ನೆಯಿಂದ ಬೇಸರವಾಗದು. ಉತ್ತರ ಅವರ ಬಳಿ ಸಿದ್ಧವಾಗಿಯೇ ಇರುತ್ತದೆ.