ಕಾಲುವೆ ದಡದ ವಿದ್ಯುತ್ ಕಂಬ: ಅಳತೆ, ಅವಧಿ ಮತ್ತು ಬೆಲೆ

ಕೈಗಾರಿಕಾ ಕ್ರಾಂತಿಯ ಕಾಲದಲ್ಲಿ ಕಲ್ಲಿದ್ದಲು ಹಾಗೂ ಸರಕುಗಳ ಸಾಗಣೆಗೆಂದು ತೋಡಲಾದ ಇಂಗ್ಲೆಂಡಿನ ಕಾಲುವೆಗಳಲ್ಲಿ ಇಂದು ಸರಕಿನ ದೋಣಿಗಳು ವಿರಳ. ಅವುಗಳ ಸ್ಥಾನವನ್ನು ವಿಹಾರದ ದೋಣಿಗಳು ಮತ್ತು ಜನ ವಾಸಿಸುವ ದೋಣಿಗಳು ಪಡೆದಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗಗಳನ್ನು 2012ರ ಜುಲೈ ತಿಂಗಳಿನಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ ನಿರ್ವಹಿಸುತ್ತಿದೆ. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯಂತೆ, ಕಾಯಂ ನೆಲೆಯಿಲ್ಲದ ದೋಣಿಯು ಸಾಮಾನ್ಯವಾಗಿ ಒಂದೇ ಸ್ಥಳದಲ್ಲಿ ಸತತ 14 ದಿನಗಳಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಬೇಡಿಕೆ ಹೆಚ್ಚಿರುವ ತಂಗುದಾಣಗಳಲ್ಲಿ ಈ ಅವಧಿ ಇನ್ನೂ ಕಡಿಮೆ. ಹೀಗೆ ಇಂದು ಬಂದು ನಾಳೆ ಹೊರಡುವ ಗ್ರಾಹಕನಿಗೆ ವಿದ್ಯುತ್ತನ್ನು ಅಳೆದು ಕೊಡುವುದು ಹೇಗೆ ಎಂಬುದು ಗಮನಾರ್ಹವಾದ ವ್ಯಾಪಾರಿ ಪ್ರಶ್ನೆಯಾಗಿದೆ.

ಅಗತ್ಯವೇನು?

ಇಂತಹ ದೋಣಿಗಳಲ್ಲಿ ದೀಪ, ಪಂಪು, ಶೀತಕ ಪೆಟ್ಟಿಗೆಗಳು ಬ್ಯಾಟರಿಗಳಿಂದ ನಡೆಯುತ್ತವೆ. ಸೌರ ಫಲಕಗಳಿದ್ದರೂ ಚಳಿಗಾಲದಲ್ಲಿ ಅವುಗಳಿಂದ ದೊರೆಯುವುದು ಅತ್ಯಲ್ಪ. ಆಗ ದೋಣಿ ನಿಂತಿರುವಾಗಲೂ ಡೀಸೆಲ್ ಎಂಜಿನ್ ನಡೆಸಿಯೇ ಬ್ಯಾಟರಿ ತುಂಬಬೇಕಾಗುತ್ತದೆ. ಬೆಚ್ಚಗಿರಲು ಕಲ್ಲಿದ್ದಲು ಅಥವಾ ಕಟ್ಟಿಗೆಯ ಒಲೆ ಬೇರೆ. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ತಂಗುದಾಣದಲ್ಲಿ ಎಂಜಿನ್ ನಡೆಸಬಾರದೆಂಬ ನಿಯಮವಿದ್ದರೂ, ಕಾಲುವೆಗೆ ತಾಗಿಕೊಂಡೇ ಮನೆಗಳಿರುವ ನಗರಗಳಲ್ಲಿ ಹೊಗೆ ಮತ್ತು ಸದ್ದಿನ ಬಗ್ಗೆ ದೂರುಗಳು ತಪ್ಪಲಿಲ್ಲ. 2021ರ ಪರಿಸರ ಕಾಯ್ದೆಯು ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಿಗೆ ಹೊಗೆ ನಿಯಂತ್ರಣವನ್ನು ನಿಂತ ದೋಣಿಗಳಿಗೂ ವಿಸ್ತರಿಸುವ ಅಧಿಕಾರ ನೀಡಿತು. ಲಂಡನ್ನಿನ ಇಸ್ಲಿಂಗ್ಟನ್ ಭಾಗದ ರೀಜೆಂಟ್ಸ್ ಕಾಲುವೆಯಲ್ಲಿ ಟ್ರಸ್ಟ್ ಮತ್ತು ಸ್ಥಳೀಯ ಪೌರ ಸಂಸ್ಥೆ ಜತೆಗೂಡಿ, ಸರ್ಕಾರದ ವಾಯು ಗುಣಮಟ್ಟ ಅನುದಾನದ ನೆರವಿನಿಂದ ಅಲ್ಪಾವಧಿ ತಂಗುದಾಣಗಳಿಗೆ ವಿದ್ಯುತ್ ಕಂಬಗಳನ್ನು ಅಳವಡಿಸಿದ್ದು ಇದೇ ಹಿನ್ನೆಲೆಯಲ್ಲಿ.

ಬಳಕೆಯ ಕ್ರಮ

ದಡದ ಕಂಬದಲ್ಲಿ ಸಾಮಾನ್ಯವಾಗಿ ಇರುವುದು 230 ವೋಲ್ಟ್, 16 ಆಂಪಿಯರ್‌ನ ಮೂರು ಪಿನ್ನಿನ ನೀಲಿ ಸಾಕೆಟ್. ಐಇಸಿ 60309 ಮಾನಕದ ಈ ಪ್ಲಗ್ ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ಇಂಡಸ್ಟ್ರಿಯಲ್ ಪ್ಲಗ್ಗೇ ಆಗಿದೆ. ಕೇಬಲ್ಲನ್ನು ಮೊದಲು ದೋಣಿಗೆ, ಅನಂತರ ಕಂಬಕ್ಕೆ ಜೋಡಿಸಬೇಕು. ಬಿಡಿಸುವಾಗ ಮೊದಲು ಕಂಬದಿಂದ ತೆಗೆಯಬೇಕು. ಇಲ್ಲವಾದರೆ ವಿದ್ಯುತ್ ಹರಿಯುತ್ತಿರುವ ತುದಿ ಕೈಯಲ್ಲಿ ಉಳಿದು ನೀರಿಗೆ ಬೀಳುವ ಅಪಾಯವಿದೆ. ಸೋರಿಕೆಯಾದೊಡನೆ ಪೂರೈಕೆಯನ್ನು ಕಡಿದುಹಾಕುವ 30 ಮಿಲಿಆಂಪಿಯರ್‌ನ ರಕ್ಷಣಾ ಸಾಧನ ಅನಿವಾರ್ಯ.

ಮತ್ತೊಂದು ತೊಂದರೆ ಕಣ್ಣಿಗೆ ಕಾಣದು. ಒಂದೇ ಅರ್ಥಿಂಗ್ ತಂತಿಯ ಮೂಲಕ ಅಕ್ಕಪಕ್ಕದ ದೋಣಿಗಳು ಪರಸ್ಪರ ಸಂಪರ್ಕಕ್ಕೆ ಬಂದು, ನೀರಿನೊಡನೆ ಸೇರಿ ಬ್ಯಾಟರಿಯಂತೆ ವರ್ತಿಸುತ್ತವೆ. ಉಕ್ಕಿನ ತಳ ನಿಧಾನವಾಗಿ ಸವೆಯುತ್ತದೆ. ಇದನ್ನು ತಡೆಯಲು ಡಯೋಡುಗಳುಳ್ಳ ಗ್ಯಾಲ್ವಾನಿಕ್ ಐಸೊಲೇಟರ್ ಅಥವಾ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅಳವಡಿಸುತ್ತಾರೆ.

ಎಷ್ಟು ವಿದ್ಯುತ್, ಎಷ್ಟು ಹೊತ್ತು?

16 ಆಂಪಿಯರ್ ಸಾಕೆಟ್‌ನಿಂದ ಗರಿಷ್ಠ 3.7 ಕಿಲೋವಾಟ್ ದೊರೆಯುತ್ತದೆ. ಆದರೆ ಬ್ಯಾಟರಿ ತುಂಬುವ ವೇಗವನ್ನು ನಿರ್ಧರಿಸುವುದು ಕಂಬವಲ್ಲ, ದೋಣಿಯೊಳಗಿನ ಚಾರ್ಜರ್. ಉದಾಹರಣೆಗೆ, 12 ವೋಲ್ಟ್, 400 ಆಂಪಿಯರ್-ಅವರ್ ಸೀಸ-ಆಮ್ಲ ಬ್ಯಾಟರಿಯಲ್ಲಿ ಅರ್ಧ ಖರ್ಚಾಗಿದ್ದರೆ ತುಂಬಬೇಕಾದದ್ದು 2.4 ಯೂನಿಟ್; ನಷ್ಟವನ್ನೂ ಸೇರಿಸಿದರೆ ಸುಮಾರು 3 ಯೂನಿಟ್. 50 ಆಂಪಿಯರ್ ಚಾರ್ಜರ್ ಇದಕ್ಕೆ ನಾಲ್ಕು ಗಂಟೆಗೂ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಇಂತಹ ಬ್ಯಾಟರಿಯ ಕೊನೆಯ ಭಾಗ ಬಹು ನಿಧಾನವಾಗಿ ತುಂಬುವುದರಿಂದ ಇಡೀ ರಾತ್ರಿ ಬೇಕಾಗುವುದು ಸಾಮಾನ್ಯ. ಇದಕ್ಕೆ ಹೋಲಿಸಿದರೆ 2 ಕಿಲೋವಾಟ್‌ನ ಹೀಟರ್ ಹತ್ತು ಗಂಟೆಯಲ್ಲಿ 20 ಯೂನಿಟ್ ಬಳಸುತ್ತದೆ. ಅದರ ಜತೆಗೆ ನೀರು ಕಾಯಿಸುವ ಕೆಟಲ್ಲನ್ನೂ ಹಚ್ಚಿದರೆ ಸಾಕೆಟ್‌ನ ಮಿತಿ ಮೀರಿ ಟ್ರಿಪ್ ಆಗುವ ಸಂಭವವೇ ಹೆಚ್ಚು. ಎರಡೂ ದೋಣಿಗಳು ಒಂದೇ ರಾತ್ರಿ ತಂಗಿದರೂ ಬಳಕೆ ಆರೇಳು ಪಟ್ಟು ಬೇರೆ. ಆದಕಾರಣ ದಿನಕ್ಕಿಷ್ಟು ಎಂಬ ಏಕರೂಪದ ದರ ನ್ಯಾಯಸಮ್ಮತವಾಗದು. ಪ್ರತಿ ಸಾಕೆಟ್ಟಿಗೂ ಪ್ರತ್ಯೇಕ ಮೀಟರ್ ಅವಶ್ಯಕ. ಮುಂಗಡ ಹಣ ತುಂಬಿದ ಕಾರ್ಡ್ ಅಥವಾ ಅಂತರಜಾಲದ ಖಾತೆಯ ಮೂಲಕ ಪಾವತಿಸುವ ವಿಧಾನಗಳು ಬಳಕೆಗೆ ಬಂದಿರುವುದು ಈ ಕಾರಣಕ್ಕಾಗಿಯೇ.

ಲಾಭ ಎಲ್ಲಿದೆ?

ಬ್ರಿಟನ್ನಿನ ವಿದ್ಯುತ್ ನಿಯಂತ್ರಕ ಸಂಸ್ಥೆ ಆಫ್‌ಜೆಮ್‌ನ ನಿಯಮದಂತೆ, 2003ರ ಜನವರಿಯಿಂದ ಗೃಹ ಬಳಕೆಗೆ ವಿದ್ಯುತ್ತನ್ನು ಮರುಮಾರಾಟ ಮಾಡುವವರು ತಾವು ಕೊಂಡ ಬೆಲೆಗಿಂತ ಹೆಚ್ಚು ಪಡೆಯುವಂತಿಲ್ಲ. 2014ರಲ್ಲಿ ವಿದ್ಯುತ್ ವಾಹನಗಳ ಚಾರ್ಜಿಂಗ್‌ಗೆ ಇದರಿಂದ ವಿನಾಯಿತಿ ದೊರೆಯಿತು. ದೋಣಿಯಲ್ಲಿ ಸಂಸಾರ ನಡೆಸುವವನು ದೀಪಕ್ಕೂ ಅಡುಗೆಗೂ ವಿದ್ಯುತ್ ಪಡೆದಾಗ ಅದು ಗೃಹ ಬಳಕೆಯೇ ಸರಿ. ಹೀಗಾಗಿ ನೆಲ ಅಗೆದು, ಕೇಬಲ್ ಎಳೆದು, ಕಂಬ ನಿಲ್ಲಿಸಿದ ವೆಚ್ಚ ಯೂನಿಟ್ ಮಾರಾಟದಿಂದ ಹಿಂದಿರುಗುವುದಿಲ್ಲ. ಅದು ತಂಗುದಾಣದ ಶುಲ್ಕದಿಂದಲೋ ಅನುದಾನದಿಂದಲೋ ಬರಬೇಕು. ಬ್ಯಾಟರಿ ತುಂಬಿದ ಮೇಲೂ ದೋಣಿ ಅಲ್ಲೇ ನಿಂತರೆ ಕಂಬ ಮತ್ತೊಬ್ಬರಿಗೆ ಉಪಯೋಗವಾಗದು. ಆದ್ದರಿಂದ ಇಲ್ಲಿ ಮಾರಾಟವಾಗುವುದು ವಿದ್ಯುತ್ತಿಗಿಂತಲೂ ಹೆಚ್ಚಾಗಿ ಸ್ಥಳ ಮತ್ತು ಸಮಯ. ಮುಂಗಡ ಕಾಯ್ದಿರಿಸುವಿಕೆ ಮತ್ತು ನಿಗದಿತ ಅವಧಿಗಳು ಕಂಬದಷ್ಟೇ ಮುಖ್ಯ.

ಭಾರತದಲ್ಲಿಯೂ ಕೇಂದ್ರ ಇಂಧನ ಸಚಿವಾಲಯವು 2018ರ ಏಪ್ರಿಲ್‌ನಲ್ಲಿ, ವಾಹನ ಚಾರ್ಜಿಂಗ್ ಎಂಬುದು ವಿದ್ಯುತ್ ಮಾರಾಟವಲ್ಲ, ಸೇವೆ ಎಂದು ಸ್ಪಷ್ಟಪಡಿಸಿತು. ಅದಕ್ಕೆ 2003ರ ವಿದ್ಯುತ್ ಕಾಯ್ದೆಯ ಪರವಾನಗಿ ಬೇಕಿಲ್ಲ. ತಮ್ಮ ಅಂಗಳದಲ್ಲಿ ಚಾರ್ಜಿಂಗ್ ಕೇಂದ್ರ ತೆರೆಯಲು ಯೋಚಿಸುವ ವರ್ತಕರು ಬಂಡವಾಳ ಹೂಡುವ ಮೊದಲು ಮೂರು ಲೆಕ್ಕಗಳನ್ನು ಬರೆದುಕೊಳ್ಳುವುದು ಲೇಸು: ಒಬ್ಬ ಗ್ರಾಹಕನಿಗೆ ಸರಾಸರಿ ಎಷ್ಟು ಯೂನಿಟ್, ಆತ ಎಷ್ಟು ಹೊತ್ತು ಸ್ಥಳ ಹಿಡಿಯುತ್ತಾನೆ, ಮತ್ತು ಕಂಬದ ವೆಚ್ಚ ಯಾವ ಬಾಬತ್ತಿನಿಂದ ಹಿಂದಿರುಗುತ್ತದೆ. ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ, ಮೊದಲೆರಡು ಎಷ್ಟೇ ಚೆನ್ನಾಗಿದ್ದರೂ ಆ ಕಂಬ ನಷ್ಟದ ಬಾಬತ್ತೇ ಆಗುತ್ತದೆ.