ಇಂಗಾಲದ ಹೆಣಿಗೆಯಲ್ಲಿ ಸಾರಜನಕ

ಇಂಗಾಲದ ಪರಮಾಣುಗಳು ಷಡ್ಭುಜಗಳಾಗಿ ಹೆಣೆದುಕೊಂಡ, ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆಯೇ ಗ್ರಾಫೀನ್. ಅದು ಸುರುಳಿಯಾದರೆ ನ್ಯಾನೋಕೊಳವೆ. ಈ ಹೆಣಿಗೆಯಲ್ಲಿ ಅಲ್ಲಲ್ಲಿ ಇಂಗಾಲದ ಜಾಗಕ್ಕೆ ಸಾರಜನಕ ಬಂದು ಕೂತರೆ ವಸ್ತುವಿನ ಗುಣವೇ ಬದಲಾಗುತ್ತದೆ. ಸಾರಜನಕದ ಹೊರಕವಚದಲ್ಲಿ ಒಂದು ಎಲೆಕ್ಟ್ರಾನ್ ಹೆಚ್ಚು. ಎಲೆಕ್ಟ್ರಾನ್‌ಗಳನ್ನು ತನ್ನತ್ತ ಸೆಳೆಯುವ ಬಲವೂ ಹೆಚ್ಚು. ಹಾಗಾಗಿ ಪಕ್ಕದ ಇಂಗಾಲ ಅಲ್ಪ ಧನಾವೇಶ ಪಡೆಯುತ್ತದೆ, ಆಮ್ಲಜನಕದ ಅಣು ಅಲ್ಲಿ ಸುಲಭವಾಗಿ ಅಂಟಿಕೊಳ್ಳುತ್ತದೆ. ಇಂಧನಕೋಶದಲ್ಲಿ ಆಮ್ಲಜನಕದ ಕ್ರಿಯೆಯನ್ನು ಚುರುಕುಗೊಳಿಸುವ ದುಬಾರಿ ಪ್ಲಾಟಿನಂಗೆ ಬದಲಿಯಾಗಿ ಇಂಥ ಇಂಗಾಲವನ್ನು ಹುಡುಕುತ್ತಿರುವುದು ಈ ಕಾರಣಕ್ಕೆ.

ತಯಾರಿಕೆಗೆ ಮುಖ್ಯವಾಗಿ ಎರಡು ದಾರಿಗಳಿವೆ. ಸಿದ್ಧವಾದ ಇಂಗಾಲವನ್ನು ಅಮೋನಿಯಾದಲ್ಲಿ ಕಾಯಿಸುವುದು ಒಂದು. ಇಂಗಾಲ, ಸಾರಜನಕ ಎರಡೂ ಇರುವ ಸಂಯುಕ್ತವನ್ನೇ ಬಿಸಿಯಲ್ಲಿ ಒಡೆದು ಬೆಳೆಸುವುದು ಇನ್ನೊಂದು. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 1997ರಲ್ಲೇ ಪಿರಿಡೀನ್ ಆವಿಯಿಂದ ಸಾರಜನಕಯುಕ್ತ ನ್ಯಾನೋಕೊಳವೆಗಳನ್ನು ಪಡೆದಿತ್ತು. 2009ರಲ್ಲಿ ಅದೇ ತಂಡ ಗ್ರಾಫೈಟ್ ಕಡ್ಡಿಗಳ ನಡುವೆ ವಿದ್ಯುತ್ ಚಾಪ ಹೊತ್ತಿಸಿ ಸಾರಜನಕ ಬೆರೆತ ಗ್ರಾಫೀನ್ ತಯಾರಿಸಿತು. ಜಗತ್ತಿನ ಗಮನ ಸೆಳೆದದ್ದು ಅದೇ ವರ್ಷ ಅಮೆರಿಕದ ಲಿಮಿಂಗ್ ಡಾಯ್ ತಂಡದ ಕೆಲಸ: ಕಬ್ಬಿಣದ ಥ್ಯಾಲೋಸಯನೀನ್‌ನಿಂದ ಬೆಳೆಸಿದ ಕೊಳವೆಗಳು ಕ್ಷಾರೀಯ ದ್ರಾವಣದಲ್ಲಿ ಪ್ಲಾಟಿನಂ ಅನ್ನೂ ಮೀರಿಸಿದವು.

ಕುಲುಮೆಯಿಂದ ಹೊರಬರುವುದು ಬರಿಯ ಕಪ್ಪು ಪುಡಿ. ಅದರೊಳಗೆ ಏನಿದೆ ಎಂದು ತೋರಿಸುವುದೇ ತಯಾರಿಕೆಗಿಂತ ಕಷ್ಟದ ಕೆಲಸ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕೊಳವೆಯ ಒಳಗೆ ಬಿದಿರಿನ ಗೆಣ್ಣುಗಳಂತೆ ಅಡ್ಡಗೋಡೆಗಳು ಕಾಣುತ್ತವೆ. ಸಾರಜನಕ ಸೇರಿದ ಕೊಳವೆಗಳಲ್ಲಿ ಇದು ಸಾಮಾನ್ಯ. ರಾಮನ್ ರೋಹಿತದಲ್ಲಿ 1350 ಸೆಂ.ಮೀ.⁻¹ ಆಸುಪಾಸಿನ ಡಿ ಪಟ್ಟಿ 1580ರ ಜಿ ಪಟ್ಟಿಗೆ ಹೋಲಿಸಿದರೆ ಬಲವಾಗುತ್ತದೆ. ಆದರೆ ಅದು ಹೇಳುವುದು ಹೆಣಿಗೆ ಕೆಟ್ಟಿದೆ ಎಂದಷ್ಟೇ, ಕೆಡಿಸಿದ್ದು ಯಾರು ಎಂದಲ್ಲ.

ಸಾರಜನಕದ ನೆಲೆಯನ್ನು ಹೇಳಬಲ್ಲದ್ದು ಎಕ್ಸ್-ಕಿರಣ ದ್ಯುತಿಎಲೆಕ್ಟ್ರಾನ್ ರೋಹಿತ. ಹಾಳೆಯ ಅಂಚಿನಲ್ಲಿ ಎರಡು ಇಂಗಾಲಗಳಿಗೆ ಅಂಟಿದ ಪಿರಿಡೀನ್ ಬಗೆಯ ಸಾರಜನಕ ಸುಮಾರು 398.5 ಎಲೆಕ್ಟ್ರಾನ್ ವೋಲ್ಟ್‌ನಲ್ಲೂ, ಐದು ಮೂಲೆಯ ಉಂಗುರದ ಪಿರೋಲ್ ಬಗೆಯದು 400ರ ಸಮೀಪದಲ್ಲೂ, ಮೂರು ಇಂಗಾಲಗಳ ನಡುವೆ ಕೂತ ಗ್ರಾಫೈಟ್ ಬಗೆಯದು 401ರ ಹತ್ತಿರವೂ ಶಿಖರ ತೋರುತ್ತವೆ. ಶಿಖರಗಳು ಒಂದರ ಮೇಲೊಂದು ಬೀಳುವುದರಿಂದ ಅವನ್ನು ಬಿಡಿಸುವಾಗ ಬೇಕಾದ ಉತ್ತರವನ್ನೇ ಕಾಣುವ ಅಪಾಯವಿದೆ. 2016ರಲ್ಲಿ ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ತಂಡ ಪುಡಿಯನ್ನು ಬಿಟ್ಟು, ಒಂದೇ ಬಗೆಯ ಸಾರಜನಕವೇ ಹೆಚ್ಚಾಗಿರುವ ಗ್ರಾಫೈಟ್ ಮೇಲ್ಮೈಗಳನ್ನು ಸಿದ್ಧಪಡಿಸಿ ಹೋಲಿಸಿತು. ಆಮ್ಲಜನಕದ ಕ್ರಿಯೆ ನಡೆಯುವುದು ಪಿರಿಡೀನ್ ಬಗೆಯ ಸಾರಜನಕದ ಪಕ್ಕದ ಇಂಗಾಲದಲ್ಲಿ ಎಂಬುದು ಅದರ ತೀರ್ಮಾನ.

ಚುರುಕು ಹೆಚ್ಚಿತೆಂದ ಮಾತ್ರಕ್ಕೆ ಹೊಸ ವಸ್ತು ಸಿಕ್ಕಿತೆನ್ನಲಾಗದು. 2020ರಲ್ಲಿ ರಸಾಯನವಿಜ್ಞಾನಿ ಮಾರ್ಟಿನ್ ಪುಮೆರಾ ಮತ್ತು ಸಂಗಡಿಗರು ಗ್ರಾಫೀನ್ ಆಕ್ಸೈಡ್‌ಗೆ ಹಕ್ಕಿಯ ಹಿಕ್ಕೆ ಬೆರೆಸಿ ಕಾಯಿಸಿದಾಗ ಅದೂ ಬರಿಯ ಗ್ರಾಫೀನ್‌ಗಿಂತ ಚುರುಕಾಗಿಯೇ ಇತ್ತು. ಲೋಹದ ಶೇಷ ಇನ್ನೊಂದು ತೊಡಕು. ಕೊಳವೆ ಬೆಳೆಸಲು ಬಳಸಿದ ಕಬ್ಬಿಣ, ಕೋಬಾಲ್ಟ್ ಆಮ್ಲದಲ್ಲಿ ತೊಳೆದರೂ ಪೂರ್ತಿ ಹೋಗುವುದಿಲ್ಲ; ಉಳಿದ ಲೇಶ ದ್ಯುತಿಎಲೆಕ್ಟ್ರಾನ್ ರೋಹಿತದ ಕಣ್ಣಿಗೆ ಬೀಳದಿದ್ದರೂ ಕ್ರಿಯೆಯನ್ನು ಚುರುಕುಗೊಳಿಸಬಲ್ಲದು. ಆದ್ದರಿಂದ ‘ಲೋಹರಹಿತ’ ಎನ್ನುವ ಮೊದಲು ಮಾದರಿಯನ್ನು ಆಮ್ಲದಲ್ಲಿ ಕರಗಿಸಿ, ಪ್ಲಾಸ್ಮಾ ದ್ರವ್ಯರಾಶಿ ರೋಹಿತಮಾಪಕದಲ್ಲಿ ಲೋಹದ ಅಂಶವನ್ನು ಅಳೆಯಬೇಕಾಗುತ್ತದೆ.