ಹೇಳಿಕೊಳ್ಳಲಾಗದ ರಾತ್ರಿಗಳು

ಎರಡು ವರ್ಷಗಳ ಹಿಂದಿನ ಶ್ರಾವಣ ಮಾಸ. ಮಠದಲ್ಲಿ ಪ್ರವಚನ ಮುಗಿಯುವಾಗ ರಾತ್ರಿ ಒಂಬತ್ತೂವರೆ ಆಗಿತ್ತು. ಹೊರಗೆ ಮಳೆ ಹಿಡಿದಿತ್ತು. ದೂರದ ಊರಿನಿಂದ ಬಂದಿದ್ದ ನಿವೃತ್ತ ಶಿಕ್ಷಕರೊಬ್ಬರು ನಮಗೆ ಬಹುಕಾಲದ ಸ್ನೇಹಿತರು. ಈ ಮಳೆಯಲ್ಲಿ ಹೋಗುವುದು ಬೇಡ, ನಮ್ಮ ಮನೆಯಲ್ಲಿಯೇ ತಂಗಿರೆಂದು ಒತ್ತಾಯಪಡಿಸಿದೆವು. ಅವರು ಒಪ್ಪಲಿಲ್ಲ. ಮತ್ತೆ ಮತ್ತೆ ಕೇಳಿದಾಗ ತಲೆ ತಗ್ಗಿಸಿ, "ಶಾಸ್ತ್ರಿಗಳೇ, ರಾತ್ರಿ ಹಾಸಿಗಿ ಕೆಟ್ಟರ ಬೆಳಿಗ್ಗೆ ನಿಮಗ ಮುಖಾ ತೋರಸಾಕ ಆಗಂಗಿಲ್ರೀ" ಎಂದರು. ಐದು ತಿಂಗಳಿನಿಂದ ಮಗಳ ಮನೆಗೂ ಹೋಗಿಲ್ಲವೆಂಬುದು ಆಮೇಲೆ ತಿಳಿಯಿತು.

ಆ ರಾತ್ರಿ ಅವರು ಹೇಳಿದ್ದನ್ನೂ, ಅನಂತರ ವೈದ್ಯರಿಂದ ನಾವು ಕೇಳಿ ತಿಳಿದುಕೊಂಡದ್ದನ್ನೂ ಅವರ ಅನುಮತಿ ಪಡೆದೇ ಇಲ್ಲಿ ಬರೆಯುತ್ತಿದ್ದೇವೆ. ನಾವು ವೈದ್ಯರಲ್ಲ. ಆದರೆ ಇಂಥ ಸಂಕಟವನ್ನು ನುಂಗಿಕೊಂಡು ಮೂಲೆ ಸೇರಿದವರು ನಮ್ಮ ಸದ್ಭಕ್ತ ಮನೆತನಗಳಲ್ಲಿಯೂ ಇರಬಹುದೆಂಬ ಕಾರಣಕ್ಕಾಗಿ ಈ ಬರಹ.

ಶಿಕ್ಷಕರಿಗೆ ಇದ್ದದ್ದು ದೊಡ್ಡ ಕರುಳಿನಲ್ಲಿ ಹುಣ್ಣಾಗಿ ರಕ್ತ ಬೀಳುವ ವ್ಯಾಧಿ. ವೈದ್ಯರು ಇದನ್ನು ಅಲ್ಸರೇಟಿವ್ ಕೊಲೈಟಿಸ್ ಎನ್ನುತ್ತಾರೆ. ಔಷಧಗಳಿಗೆ ಅದು ಬಗ್ಗದೆ ಹೋದಾಗ ದೊಡ್ಡ ಕರುಳನ್ನೂ ಗುದನಾಳವನ್ನೂ ತೆಗೆದುಹಾಕಿ, ಸಣ್ಣ ಕರುಳಿನ ಕೊನೆಯ ಭಾಗವನ್ನೇ ಮಡಿಸಿ ಹೊಲಿದು ಒಂದು ಚೀಲದಂತೆ ಮಾಡಿ ಗುದದ್ವಾರಕ್ಕೆ ಜೋಡಿಸಿದ್ದರು. ಇದು ಹಳೆಯ ವಿದ್ಯೆಯಲ್ಲ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಅಲನ್ ಪಾರ್ಕ್ಸ್ ಮತ್ತು ಜಾನ್ ನಿಕೋಲ್ಸ್ ಎಂಬ ಶಸ್ತ್ರವೈದ್ಯರು 1978ರಲ್ಲಿ ಇದನ್ನು ಪ್ರಕಟಿಸಿದರು. 1980ರಲ್ಲಿ ಜಪಾನಿನ ಉತ್ಸುನೊಮಿಯಾ ಅವರು ಇಂಗ್ಲಿಷಿನ 'ಜೆ' ಅಕ್ಷರದಂತೆ ಮಡಿಸುವ ಸರಳ ಕ್ರಮವನ್ನು ತಂದರು. ಇಂದು ಹೆಚ್ಚಾಗಿ ಆ ಜೆ-ಚೀಲವೇ ಬಳಕೆಯಲ್ಲಿದೆ. ಹೊಟ್ಟೆಯ ಮೇಲೆ ಬಾಳಿನುದ್ದಕ್ಕೂ ಚೀಲ ಅಂಟಿಸಿಕೊಂಡಿರಬೇಕಾಗಿದ್ದವರಿಗೆ ಇದೊಂದು ದೊಡ್ಡ ಉಪಕಾರವೇ ಸರಿ.

ಆದರೆ ಚೀಲವು ಗುದನಾಳವಲ್ಲ. ಆಹಾರದಲ್ಲಿಯ ನೀರನ್ನು ಹೀರಿ ಮಲವನ್ನು ಗಟ್ಟಿಗೊಳಿಸುತ್ತಿದ್ದ ದೊಡ್ಡ ಕರುಳೇ ಇಲ್ಲವಾದ್ದರಿಂದ ಚೀಲದಲ್ಲಿ ತುಂಬುವುದು ಅಂಬಲಿಯಂಥ ದ್ರವ. ಚೆನ್ನಾಗಿ ಹೊಂದಿಕೊಂಡವರಿಗೂ ದಿನಕ್ಕೆ ಐದಾರು ಸಲ, ಕೆಲವರಿಗೆ ಏಳೆಂಟು ಸಲ ಬಹಿರ್ದೆಸೆಗೆ ಹೋಗಬೇಕಾಗುತ್ತದೆ. ಅದರಲ್ಲಿ ಒಂದೆರಡು ಸಲ ರಾತ್ರಿಯ ವೇಳೆ. ಎಚ್ಚರದಲ್ಲಿರುವಾಗ ನಾವು ಅರಿಯದೆಯೇ ಗುದದ್ವಾರದ ಸ್ನಾಯುಗಳನ್ನು ಬಿಗಿಹಿಡಿದಿರುತ್ತೇವೆ. ನಿದ್ರೆಯಲ್ಲಿ ಆ ಬಿಗಿ ಸಡಿಲುತ್ತದೆ. ತುಂಬಿದ ಚೀಲ ಒಮ್ಮೆ ಹಿಂಡಿದರೆ ತುಸು ಸೋರುತ್ತದೆ. ಹಗಲೆಲ್ಲ ಯಾವ ತೊಂದರೆಯೂ ಇಲ್ಲದವರಿಗೆ ರಾತ್ರಿ ಮಾತ್ರ ಹೀಗಾಗುವುದು ಈ ಕಾರಣದಿಂದಲೇ. ಇದು ಮೈಮರೆವೂ ಅಲ್ಲ, ಅಶಿಸ್ತೂ ಅಲ್ಲ. ಶಸ್ತ್ರಚಿಕಿತ್ಸೆಯ ಮೊದಲ ವರ್ಷ ಇದು ಹೆಚ್ಚಾಗಿದ್ದು, ಚೀಲ ಹಿಗ್ಗಿ ಹದಕ್ಕೆ ಬಂದಂತೆ ಬಹಳ ಮಂದಿಗೆ ತಗ್ಗುತ್ತದೆ.

ಶಿಕ್ಷಕರಿಗೂ ಹಾಗೆಯೇ ತಗ್ಗಿತ್ತು. ಎರಡು ವರ್ಷ ಒಣ ಹಾಸಿಗೆಯಲ್ಲಿಯೇ ಎದ್ದವರು. ಆ ವರ್ಷದ ಯುಗಾದಿಯ ಸುಮಾರಿಗೆ ಎಲ್ಲವೂ ತಿರುಗಿಬಿತ್ತು. ದಿನಕ್ಕೆ ಹದಿನಾಲ್ಕು ಸಲ. ಒತ್ತಡ ಬಂದರೆ ತಡೆಯಲಾಗದು. ಹೊಟ್ಟೆಯಲ್ಲಿ ನುಲಿತ, ಸಂಜೆಗೆ ಮೈ ಬೆಚ್ಚಗೆ, ರಾತ್ರಿ ವಾರಕ್ಕೆ ನಾಲ್ಕು ದಿನ ಹಾಸಿಗೆ ಹಾಳು. ಕೊಯ್ಯಿಸಿಕೊಂಡ ಮೇಲೆ ಇದೆಲ್ಲ ಇದ್ದದ್ದೇ ಎಂದು ಅವರು ಬಗೆದರು. ರಾತ್ರಿಯೂಟ ಬಿಟ್ಟರು. ನೀರು ಕುಡಿಯುವುದನ್ನೂ ಕಡಿಮೆ ಮಾಡಿದರು. ನಮ್ಮೆದುರು ಕುಳಿತಾಗ ಕೆನ್ನೆಗಳು ಒಳಸೇರಿದ್ದವು.

ಅವರು ತಪ್ಪಿದ್ದು ಇಲ್ಲಿಯೇ. ತಗ್ಗಿದ್ದ ಸೋರಿಕೆ ಮರಳಿ ಬಂದರೆ, ಅದರ ಜೊತೆಗೆ ಸಲಗಳು ಹೆಚ್ಚಿದರೆ, ಅದು ಬಹುಮಟ್ಟಿಗೆ ಚೀಲದ ಒಳಪದರಕ್ಕೆ ಬಂದ ಉರಿಯೂತದ ಸೂಚನೆ. ಇದಕ್ಕೆ ಪೌಚೈಟಿಸ್ ಎಂದು ಹೆಸರು. ಅಲ್ಸರೇಟಿವ್ ಕೊಲೈಟಿಸ್‌ಗಾಗಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಮ್ಮೆಯಾದರೂ ಇದು ಬರುತ್ತದೆ. ಚೀಲದಲ್ಲಿ ನೆಲೆಸುವ ಸೂಕ್ಷ್ಮಜೀವಿಗಳ ಸಮತೋಲ ಕೆಡುವುದೂ, ಅವುಗಳಿಗೆ ಶರೀರ ತೋರುವ ಅತಿಯಾದ ಪ್ರತಿಕ್ರಿಯೆಯೂ ಇದರ ಹಿಂದೆ ಇವೆ. ಬಾಳಿನುದ್ದಕ್ಕೂ ಸಹಿಸಬೇಕಾದ ಶಿಕ್ಷೆಯೆಂದು ಶಿಕ್ಷಕರು ತಿಳಿದದ್ದು, ಚಿಕಿತ್ಸೆಯುಳ್ಳ ಒಂದು ಕಾಯಿಲೆ!

ಮರುವಾರ ಅವರನ್ನು ಅವರ ಶಸ್ತ್ರವೈದ್ಯರಲ್ಲಿಗೆ ಕಳುಹಿಸಿದೆವು. ಮಲಪರೀಕ್ಷೆಯಾಯಿತು, ದುರ್ಬೀನಿನ ನಳಿಕೆಯಿಂದ ಚೀಲದ ಒಳಗನ್ನು ನೋಡಿದರು. ಈ ನೋಡುವಿಕೆ ಅಗತ್ಯ, ಏಕೆಂದರೆ ಬೇರೆ ಸೋಂಕು, ಜೋಡಣೆಯ ಸ್ಥಳ ಕಿರಿದಾಗುವುದು ಮುಂತಾದವುಗಳೂ ಇಂಥದೇ ಲಕ್ಷಣಗಳನ್ನು ತೋರಬಲ್ಲವು. ಉರಿಯೂತವೇ ಎಂದು ನಿಶ್ಚಯವಾಯಿತು. ಸಾಮಾನ್ಯವಾಗಿ ಸಿಪ್ರೋಫ್ಲಾಕ್ಸಾಸಿನ್ ಅಥವಾ ಮೆಟ್ರೋನಿಡಜೋಲ್ ಎಂಬ ಮಾತ್ರೆಗಳನ್ನು ಎರಡು ವಾರ ಕೊಡುತ್ತಾರೆ. ಶಿಕ್ಷಕರಿಗೆ ನಾಲ್ಕನೆಯ ದಿನವೇ ಗುಣ ಕಂಡಿತು. ಮಾತ್ರೆ ನುಂಗುವಾಗ ಪಾದಗಳಲ್ಲಿ ಜೋಮು, ಹಿಮ್ಮಡಿಯ ನರದಲ್ಲಿ ನೋವು ಕಂಡರೆ ಕೂಡಲೇ ತಿಳಿಸಬೇಕು. ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿಟ್ಟು ಮುಂದಿನ ಸಲ ತಾವೇ ತೆಗೆದುಕೊಳ್ಳುವ ನಮ್ಮ ಮನೆಗಳ ರೂಢಿ ಇಲ್ಲಿ ಸಲ್ಲದು. ಮೈಕೈ ನೋವಿಗೆ ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳು ಚೀಲವನ್ನು ಕೆರಳಿಸುವುದುಂಟು, ಕೇಳದೆ ನುಂಗಬಾರದು. ಕೆಲವರಿಗೆ ಉರಿಯೂತ ಮತ್ತೆ ಮತ್ತೆ ಮರಳುತ್ತದೆ. ಅಂಥವರಿಗೂ ಈಗ ದಾರಿಗಳಿವೆ. ವೆಡೋಲಿಜುಮಾಬ್ ಎಂಬ ಔಷಧಕ್ಕೆ ಯುರೋಪಿನಲ್ಲಿ 2022ರಲ್ಲಿ ಈ ಕಾಯಿಲೆಗೆಂದೇ ಅನುಮತಿ ದೊರೆಯಿತು.

ಇನ್ನು ಮನೆಯವರು ಅರಿಯಬೇಕಾದದ್ದು. ಊಟ ಬಿಡುವುದರಿಂದ ಪ್ರಯೋಜನವಿಲ್ಲ. ಬರಿ ಚೀಲದಲ್ಲಿ ವಾಯು ಹೆಚ್ಚುತ್ತದೆ. ರಾತ್ರಿಯೂಟವನ್ನು ಏಳು ಗಂಟೆಯೊಳಗೆ ಮುಗಿಸಿ, ಮಲಗುವ ಮುನ್ನ ಚೀಲವನ್ನು ಖಾಲಿ ಮಾಡಿಕೊಳ್ಳುವುದು ಲೇಸು. ಮೆತ್ತಗಿನ ಅನ್ನ, ಬಾಳೆಹಣ್ಣು, ಸಾಬೂದಾಣಿ ಮಲವನ್ನು ತುಸು ಗಟ್ಟಿಗೊಳಿಸುತ್ತವೆ. ನಮ್ಮ ಕಡೆಯ ಹಸಿಮೆಣಸಿನಕಾಯಿ ಖಾರ ತಿನ್ನುವಾಗ ರುಚಿ, ಹೊರಬೀಳುವಾಗ ಬೆಂಕಿ. ಶಿಕ್ಷಕರು ಅದನ್ನು ಬಿಡಲು ಪಟ್ಟ ಕಷ್ಟ ನಮಗೆ ಗೊತ್ತು. ನೀರನ್ನಂತೂ ಕಡಿಮೆ ಮಾಡಲೇಬಾರದು. ದೊಡ್ಡ ಕರುಳಿಲ್ಲದವರ ಮೈಯಿಂದ ನೀರೂ ಉಪ್ಪೂ ಹೆಚ್ಚು ಹೋಗುತ್ತವೆ. ಹಗಲಿನಲ್ಲಿ ಉಪ್ಪು ಹಾಕಿದ ಮಜ್ಜಿಗೆ, ಭೇದಿ ಹೆಚ್ಚಿದಾಗ ಓಆರ್‌ಎಸ್ ಕೊಡಬೇಕು. ಶಿವರಾತ್ರಿಯ ನಿರಾಹಾರ ಉಪವಾಸ ಇಂಥವರಿಗೆ ಬೇಡವೇ ಬೇಡ. ಮಲಗುವ ಮುನ್ನ ಲೋಪೆರಮೈಡ್ ಮಾತ್ರೆಯನ್ನು ವೈದ್ಯರು ಹೇಳಬಹುದು. ಆದರೆ ಜ್ವರ ಅಥವಾ ರಕ್ತ ಕಂಡಾಗ ಅದನ್ನು ತಾವಾಗಿಯೇ ನುಂಗಬಾರದು.

ಹಾಸಿಗೆಯ ವಿಷಯದಲ್ಲಿ ಶಿಕ್ಷಕರ ಮನೆಯಾಕೆಯೇ ಗುರು. ಮೊದಲು ಕೌದಿ ಹಾಸುತ್ತಿದ್ದರಂತೆ. ಮಳೆಗಾಲದಲ್ಲಿ ಒಗೆದ ಕೌದಿ ಮೂರು ದಿನವಾದರೂ ಒಣಗದು. ಈಗ ರಬ್ಬರ್ ಶೀಟು, ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ಹಳೆಯ ಇಳಕಲ್ ಸೀರೆ. ಪ್ರವಾಸದಲ್ಲಿ ಔಷಧದ ಅಂಗಡಿಯಲ್ಲಿ ಸಿಗುವ ಪ್ಯಾಡು. ಚರ್ಮವನ್ನು ಉಜ್ಜದೆ, ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಮೆತ್ತಗಿನ ಬಟ್ಟೆಯಿಂದ ಒತ್ತಿ ಒರೆಸಿ, ಜಿಂಕ್ ಮುಲಾಮು ತೆಳ್ಳಗೆ ಹಚ್ಚುತ್ತಾರೆ. ಐದು ತಿಂಗಳು ಈ ಒಗೆತವನ್ನೆಲ್ಲ ಮಗ ಸೊಸೆಗೆ ತಿಳಿಯದಂತೆ ನಸುಕಿನಲ್ಲಿಯೇ ಮಾಡಿದ ಆ ತಾಯಿಯ ಕೈಗಳನ್ನು ನೆನೆದರೆ ನಮಗೆ ಮಾತು ಹೊರಡದು. ಸೊಸೆಗೆ ಹೇಳಿದ ದಿನ ಆಕೆ, "ಅತ್ತೀ, ಮೊದಲ ಯಾಕ ಹೇಳಲಿಲ್ರೀ" ಎಂದಷ್ಟೇ ಕೇಳಿ ಬಕೀಟು ಎತ್ತಿಕೊಂಡಳಂತೆ.

ಒಂದು ಮಾತು ಉಳಿದಿದೆ. ಆ ತಿಂಗಳುಗಳಲ್ಲಿ ಶಿಕ್ಷಕರು ಇಷ್ಟಲಿಂಗ ಪೂಜೆಯನ್ನೂ ಬಿಟ್ಟಿದ್ದರು. ಮೈಲಿಗೆಯಾದ ಮೈ ಎಂಬ ಅಳುಕು. ಇದನ್ನು ಕೇಳಿ ನಾವು ಸ್ವಲ್ಪ ಕಟುವಾಗಿಯೇ ಮಾತನಾಡಿದೆವು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೇ ಒಪ್ಪದ ಶರಣಧರ್ಮದಲ್ಲಿ ಈ ಆರನೆಯ ಸೂತಕವನ್ನು ನಿಮಗೆ ಯಾರು ಕಲಿಸಿದರು, ಮೈ ತೊಳೆದುಕೊಂಡು ಕುಳಿತುಕೊಳ್ಳಿ ಎಂದೆವು. ಮರುದಿನ ಬೆಳಿಗ್ಗೆ ಕುಳಿತರು.

ಕಳೆದ ಚಳಿಗಾಲದಲ್ಲಿ ಉರಿಯೂತ ಇನ್ನೊಮ್ಮೆ ಬಂತು. ಮೂರನೆಯ ದಿನವೇ ವೈದ್ಯರಲ್ಲಿಗೆ ಹೋದದ್ದರಿಂದ ಬೇಗನೆ ಇಳಿಯಿತು. ತಿಂಗಳಿಗೆ ಒಂದೆರಡು ರಾತ್ರಿ ತುಸು ಸೋರುವುದು ಈಗಲೂ ಇದೆ. ಈ ಶ್ರಾವಣದ ಪ್ರವಚನಕ್ಕೆ ಬಂದವರು ನಮ್ಮ ಮನೆಯಲ್ಲಿಯೇ ಉಳಿದರು; ಕೈಚೀಲದಲ್ಲಿ ರಬ್ಬರ್ ಶೀಟೂ ಸೀರೆಯೂ ಇದ್ದವು. ಬೆಳಿಗ್ಗೆ ಒಗೆದ ಸೀರೆಯನ್ನು ಹಿಂಡುತ್ತ, ಎಲ್ಲಿ ಒಣಹಾಕಲೆಂದು ಕೇಳಿದರು. ಹಿತ್ತಲಿನ ತಂತಿಯನ್ನು ತೋರಿಸಿದೆವು.